ಎಡದಂಡೆಯ ಕ್ಯಾಂಪಿನ ಸಂಸಾರಗಳು

ಸಿಂಧನೂರು ತಾಲ್ಲೂಕಿನಲ್ಲಿ ಎರಡು ಬಗೆಯ ಊರುಗಳಿವೆ. ಜವಳಗೇರಾ, ತುರ್ವಿಹಾಳ, ಸಾಲಗುಂದಾದಂಥವು ಒಂದು ಬಗೆ. ಅಲ್ಲಿ ಅಗಸಿ, ಹನುಮಪ್ಪನ ಗುಡಿ, ಡೊಂಕು ಓಣಿ ಎಲ್ಲ ಉಂಟು. ಇನ್ನೊಂದು ಬಗೆಯವಕ್ಕೆ ಗಾಂಧಿನಗರದಂಥ ಹೊಸ ಹೆಸರು, ಇಲ್ಲವೇ ಬರೀ ನಂಬರು: ಆರ್.ಎಚ್. ಕ್ಯಾಂಪ್ 2, 3, 4, 5. ಇವುಗಳಲ್ಲಿ ರಸ್ತೆ ನೆಟ್ಟಗೆ, ಮನೆಗಳು ಸಾಲಿಗೆ. ನಮ್ಮ ಬಾಯಲ್ಲಿ ಇವೆಲ್ಲ ‘ಕ್ಯಾಂಪು’, ಅಲ್ಲಿಯವರು ‘ಕ್ಯಾಂಪಿನವರು’. ನಾನು ಮಸ್ಕಿ ಕಡೆಯವಳು. ಮಾಸ್ತರಿಕೆ ಮಾಡಿದ್ದು ಹೆಚ್ಚಾಗಿ ಕ್ಯಾಂಪಿನ ಸರಕಾರಿ ಶಾಲೆಗಳಲ್ಲಿ. ಮನೆಯೊಳಗೆ ಒಂದು ಭಾಷೆ, ಹೊಸ್ತಿಲು ದಾಟಿದರೆ ಇನ್ನೊಂದು ಎನ್ನುವ ಬದುಕು ಪರದೇಶಕ್ಕೆ ಹೋದವರದ್ದೇ ಎಂದು ನಾವು ತಿಳಿಯುತ್ತೇವೆ. ಅಂಥ ಸಂಸಾರಗಳ ಎಪ್ಪತ್ತು ವರ್ಷದ ಚರಿತ್ರೆ ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲೇ ಇದೆ.

ಹೊರಗಿನವರು ಈ ಸೀಮೆಗೆ ಬರುವುದೇನೂ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದು ಪ್ರಾಕೃತ. ಆ ಶಾಸನವನ್ನು 1915ರಲ್ಲಿ ಗುರುತಿಸಿದ ಬೀಡನ್ ಚಿನ್ನದ ಗಣಿಯ ಇಂಜಿನಿಯರು. ಲಿಂಗಸೂಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿತ್ತು. 1905ರವರೆಗೆ ಆ ಊರಿನ ಹೆಸರಿನಲ್ಲೇ ಒಂದು ಜಿಲ್ಲೆಯೂ ಇತ್ತು. ಹಟ್ಟಿಯಲ್ಲಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಶುರುವಾಯಿತು. ಇವರೆಲ್ಲ ಆಳಲಿಕ್ಕೆ, ಕಾಯಲಿಕ್ಕೆ, ಅಗೆಯಲಿಕ್ಕೆ ಬಂದವರು. ಒಲೆ ಹೂಡಿ, ಹೊಲ ಮಾಡಿ, ಸೊಸೆ ತರಲಿಕ್ಕೆ ಬಂದವರ ದೊಡ್ಡ ದಂಡು ಬಂದದ್ದು ಕಾಲುವೆಯ ಹಿಂದೆ.

ತುಂಗಭದ್ರಾ ಅಣೆಕಟ್ಟಿಗೆ ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು 1945ರಲ್ಲಿ ಕೈ ಹಚ್ಚಿದವು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1953ರಲ್ಲಿ ಕಾಲುವೆಗೆ ನೀರು ಬಂತು, 1956ರಲ್ಲಿ ನಾವು ಮೈಸೂರು ರಾಜ್ಯದವರಾದೆವು. 227 ಕಿಲೊಮೀಟರ್ ಉದ್ದದ ಎಡದಂಡೆ ಕಾಲುವೆಯ ಯೋಜನೆ ಬರಗಾಲಕ್ಕೆ ಮದ್ದಾಗಿ ಹುಟ್ಟಿದ್ದು. ಕಡಿಮೆ ನೀರನ್ನು ಹೆಚ್ಚು ನೆಲಕ್ಕೆ ಹಂಚಬೇಕು, ಜೋಳ, ಹತ್ತಿ, ಶೇಂಗಾದಂಥ ಬೆಳೆಯನ್ನು ಉಳಿಸಬೇಕು, ಭತ್ತ ಅಲ್ಲಲ್ಲಿ ಸ್ವಲ್ಪ ಮಾತ್ರ ಇರಬೇಕು ಎಂಬ ಲೆಕ್ಕ. ನಮ್ಮ ರೈತರಿಗೆ ಎರೆಹೊಲಕ್ಕೆ ನೀರು ನಿಲ್ಲಿಸುವುದೆಂದರೆ ಅಂಜಿಕೆ. ನೆಲ ಸಮ ಮಾಡಿಸಲು ರೊಕ್ಕವೂ ಇರಲಿಲ್ಲ. ಆಂಧ್ರದ ಕೃಷ್ಣಾ, ಗೋದಾವರಿ, ಗುಂಟೂರು ಜಿಲ್ಲೆಗಳಲ್ಲಿ ಒಂದೆಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಡೆಲ್ಟಾದ ರೈತರು ಮಾರಿ ಬಂದರು. ಕೊಂಡ ನೆಲದ ನಡುವೆಯೇ ಗುಡಿಸಲು ಹಾಕಿದರು. ಕ್ಯಾಂಪು ಹುಟ್ಟಿದ್ದು ಹಾಗೆ.

ಮೊದಲ ವರ್ಷಗಳ ಬಾಳು ಸುಲಭದ್ದಾಗಿರಲಿಲ್ಲವೆಂದು ಕ್ಯಾಂಪಿನ ಮುದುಕಿಯರು ಹೇಳುತ್ತಿದ್ದರು. ಕುಡಿಯಲಿಕ್ಕೆ ಕಾಲುವೆಯದೇ ನೀರು. ಮಳೆಗಾಲದಲ್ಲಿ ಎರೆಮಣ್ಣು ಮೊಣಕಾಲವರೆಗೆ ಹಿಡಿದರೆ ಬಿಡದು. ಹೆರಿಗೆಗೆ ಕರೆದೊಯ್ಯಬೇಕೆಂದರೆ ಬಂಡಿಯೂ ಹೂಳುತ್ತಿತ್ತು. ಗಂಡಸರಿಗೆ ಹೊಲ, ಗದ್ದೆ, ಸಂತೆ ಎಂದು ಹೊತ್ತು ಹೋಗುತ್ತಿತ್ತು. ಹೆಂಗಸರಿಗೆ ಮಾತ್ರ ಮಾತಾಡಲು ಸಾಲಿನ ಇನ್ನಾಲ್ಕು ಮನೆ ಬಿಟ್ಟರೆ ಯಾರೂ ಇರಲಿಲ್ಲ. ನಾಟಿ ಹಚ್ಚುವುದು ನಮ್ಮ ಕಡೆಯ ಹೆಂಗಸರಿಗೆ ಗೊತ್ತಿರಲಿಲ್ಲ. ಆಂಧ್ರದ ಕರಾವಳಿಯಿಂದ ಬಂದ ಆಳುಗಳನ್ನು ನೋಡಿ ಕಲಿತರು. ಮುಂದೆ ಮಸ್ಕಿ, ಲಿಂಗಸೂಗೂರು ಕಡೆಯ ಒಣಭೂಮಿಯವರು ಗುಂಪುಗಟ್ಟಿ ಕ್ಯಾಂಪಿಗೆ ಹೋಗತೊಡಗಿದರು. ನಮ್ಮ ದೊಡ್ಡವ್ವ ಹೀಗೆ ನಾಟಿಗೆ ಹೋದವಳು. ಓದು ಬರಹ ಇಲ್ಲದಿದ್ದರೂ ಕೂಲಿ ಲೆಕ್ಕ, ಬೈಗುಳ, ನಾಟಿಪದ ಮೂರನ್ನೂ ತೆಲುಗಿನಲ್ಲಿ ಸಲೀಸಾಗಿ ಹೇಳುತ್ತಿದ್ದಳು. ಅವಳಿಗೆ ಕೆಲಸ ಕೊಡುತ್ತಿದ್ದ ಮನೆಯ ಯಜಮಾನಿಗೆ ಕನ್ನಡದಲ್ಲಿ ಹತ್ತು ಮಾತೂ ಬರುತ್ತಿರಲಿಲ್ಲ. ಅವಳಿಗೆ ಅದರ ಗರಜೂ ಇರಲಿಲ್ಲ.

ಈ ಗರಜಿನ ಲೆಕ್ಕ ಅಡಿಗೆಮನೆಯಲ್ಲಿ ಬೇರೆ ಥರ ನಡೆಯಿತು. ನಮ್ಮ ಕಡೆಯ ಪುಂಡಿಪಲ್ಯೆ, ಅವರ ಗೋಂಗೂರ ಎರಡಕ್ಕೂ ಸೊಪ್ಪು ಒಂದೇ. ನಾವು ಅದಕ್ಕೆ ಕಡಲೆಬೇಳೆ, ಜೋಳದ ನುಚ್ಚು ಹಾಕಿ ಗಟ್ಟಿಯಾಗಿ ಕುದಿಸಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟು ಬಿಸಿ ರೊಟ್ಟಿಗೆ ಹಚ್ಚಿ ತಿನ್ನುತ್ತೇವೆ. ಅವರು ಎಣ್ಣೆಯಲ್ಲಿ ಬಾಡಿಸಿ, ಒಣಮೆಣಸಿನಕಾಯಿಯ ಜೊತೆ ರುಬ್ಬಿ ಅನ್ನಕ್ಕೆ ಕಲಸುತ್ತಾರೆ. ಕಳೆ ತೆಗೆಯಲು ಹೋದವರ ಬುತ್ತಿಯಿಂದ ರೊಟ್ಟಿ ಕ್ಯಾಂಪಿನ ಮಕ್ಕಳ ಕೈಗೆ ಹೋಯಿತು, ಕ್ಯಾಂಪಿನ ಉಪ್ಪಿನಕಾಯಿ ನಮ್ಮ ಬುತ್ತಿಗೆ ಬಂತು. ಆದರೆ ತೂಕ ಅನ್ನದ ಕಡೆಗೇ ವಾಲಿತು. ಕೂಲಿಗೆ ಭತ್ತ ಸಿಗುವಾಗ ಜೋಳ ಬೀಸುತ್ತ ಕೂರುವವರು ಯಾರು? ಹಬ್ಬದ ದಿನ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು.

ಹೊಲ ಬದಲಾದಾಗ ಹಬ್ಬವೂ ಜಾಗ ಕಳೆದುಕೊಂಡಿತು. ಎಳ್ಳ ಅಮಾವಾಸ್ಯೆಗೆ ನಾವು ಬಂಡಿ ಕಟ್ಟಿಕೊಂಡು, ಸಜ್ಜೆರೊಟ್ಟಿ, ಎಣ್ಣೆಗಾಯಿ, ಕಡುಬು ಹೊತ್ತು ಹೋಗಿ, ನಿಂತ ಹಿಂಗಾರಿ ಜೋಳದ ನಡುವೆ ಚರಗ ಚೆಲ್ಲುವವರು. ಭತ್ತದ ಪಟ್ಟಿಯಲ್ಲಿ ಆ ಹೊತ್ತಿಗೆ ಜೋಳವೇ ಇರುವುದಿಲ್ಲ. ಒಂದೋ ಕೊಯ್ದ ಕೂಳೆ, ಇಲ್ಲವೇ ಎರಡನೆಯ ಬೆಳೆಗೆ ಬಿಟ್ಟ ಕೆಸರು. ಸಿಂಧನೂರಿನ ಎಷ್ಟೋ ಮನೆಯವರು ಚರಗಕ್ಕೆಂದು ಒಣಭೂಮಿಯ ಬೀಗರ ಹೊಲ ಹುಡುಕಿಕೊಂಡು ಮಸ್ಕಿ ಕಡೆ ಬರುತ್ತಾರೆ. ಕ್ಯಾಂಪಿನಲ್ಲಿ ಅದಾದ ಸ್ವಲ್ಪ ದಿನಕ್ಕೆ ಸಂಕ್ರಾಂತಿಯ ಅಬ್ಬರ. ಅಂಗಳದ ತುಂಬ ರಂಗೋಲಿ, ನಡುವೆ ಸಗಣಿಯುಂಡೆಯ ಮೇಲೆ ಕುಂಬಳದ ಹೂವು.

ಶಾಲೆಯಲ್ಲಿ ನನಗೆ ಕಂಡ ಸಣ್ಣ ಸಂಗತಿಯೊಂದನ್ನು ಹೇಳಬೇಕು. ಆಂಧ್ರ ಕ್ಯಾಂಪಿನ ಮಕ್ಕಳು ಕನ್ನಡ ಅಕ್ಷರಕ್ಕೆ ತಲೆಕಟ್ಟು ಹಾಕುವಾಗ ಅಡ್ಡಗೆರೆಯ ಬದಲು ತೆಲುಗಿನ ಹಾಗೆ ರೈಟ್ ಗುರುತು ಎಳೆಯುತ್ತಿದ್ದರು. ಮನೆಯ ಕ್ಯಾಲೆಂಡರು, ಪತ್ರಿಕೆ, ಸಿನಿಮಾ ಪೋಸ್ಟರು ಎಲ್ಲವೂ ತೆಲುಗು. ಕನ್ನಡವೆಂದರೆ ಶಾಲೆ ಮತ್ತು ತಹಸೀಲ್ದಾರ ಕಚೇರಿ. ಮೂರನೆಯ ತಲೆಮಾರಿನ ಮಕ್ಕಳ ಪಾಟಿಯಲ್ಲಿ ಆ ಗುರುತು ಮಾಯವಾಗಿತ್ತು. ಅಷ್ಟರಲ್ಲಿ ಪಂಚಾಯಿತಿ ಚುನಾವಣೆ, ಸೊಸೈಟಿ, ಎಪಿಎಂಸಿ ಎಲ್ಲ ಬಂದಿದ್ದವು. ವೋಟು ಕೇಳಬೇಕಾದ ಮೇಲೆ ಕ್ಯಾಂಪಿನ ಯಜಮಾನರಿಗೂ ಕನ್ನಡದ ಗರಜು ಹುಟ್ಟಿತು.

ನಂಬರಿನ ಕ್ಯಾಂಪುಗಳ ಕಥೆಯೇ ಬೇರೆ. ಅಲ್ಲಿಯವರು ನೆಲ ಕೊಳ್ಳಲು ಬಂದವರಲ್ಲ, ನೆಲ ಕಳೆದುಕೊಂಡು ಬಂದವರು. ದೇಶ ಒಡೆದ ಮೇಲೆ ಪೂರ್ವ ಪಾಕಿಸ್ತಾನದಿಂದ ಹೊರಬಿದ್ದ ಬಂಗಾಳಿ ಹಿಂದೂಗಳು, ಹೆಚ್ಚಿನವರು ನಾಮಶೂದ್ರರು. 1970ರ ದಶಕದಲ್ಲಿ ಪುನರ್ವಸತಿ ಯೋಜನೆಯಡಿ ಅವರನ್ನು ಸಿಂಧನೂರಿನಲ್ಲಿ ಇಳಿಸಲಾಯಿತು. ಹೊಳೆಗಳ ನಾಡಿನಿಂದ ಬಂದು, ಬೇಸಿಗೆಯಲ್ಲಿ ಬಿರಿಯುವ ಕರಿನೆಲದಲ್ಲಿ ನಿಂತರು. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಮನೆಯ ಹಿಂದೆ ಹೊಂಡ ತೋಡುವುದು. ಮೀನು, ಸ್ನಾನ, ಪಾತ್ರೆ, ಕಾಯಿಪಲ್ಯೆ ಎಲ್ಲವೂ ಆ ಹೊಂಡದ ಸುತ್ತಲೇ. ನವರಾತ್ರಿಯ ದಿನಗಳಲ್ಲಿ ನಮ್ಮೂರ ಗುಡಿಯಲ್ಲಿ ದೇವಿ ಪುರಾಣ ನಡೆದಿರುವಾಗ ಅಲ್ಲಿ ಮಣ್ಣಿನ ದುರ್ಗೆಯ ಮುಂದೆ ಢಾಕ್ ಬಾರಿಸುತ್ತಿರುತ್ತಾರೆ.

ಇವರಿಗೆ ಎಲ್ಲರ ಗರಜೂ ಇತ್ತು. ಕೂಲಿಗೆ ತೆಲುಗು, ಶಾಲೆಗೆ ಕನ್ನಡ, ಕಚೇರಿಯಲ್ಲಿ ಕೈಮುಗಿಯಲು ಹಿಂದಿ, ಮನೆಗೆ ಬಂಗಾಳಿ. ಏಳು ವರ್ಷದ ಹುಡುಗಿ ತಾಯಿಯ ಜೊತೆ ನನ್ನ ಮೇಜಿನ ಮುಂದೆ ನಿಂತು, ನಾನು ಹೇಳಿದ ‘ಜಾತಿ ಪ್ರಮಾಣಪತ್ರ ತರ್ರಿ’ ಎನ್ನುವುದನ್ನು ಬಂಗಾಳಿಯಲ್ಲಿ ಮುಟ್ಟಿಸುತ್ತಿದ್ದಳು. ಆ ಕಾಗದ ಅವರಿಗೆ ಸಿಗುವಂತಿರಲಿಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದು. ಪಶ್ಚಿಮ ಬಂಗಾಳದ ಪಟ್ಟಿಯಲ್ಲಿರುವ ನಾಮಶೂದ್ರರ ಹೆಸರು ಇಲ್ಲಿಯದರಲ್ಲಿ ಇರಲಿಲ್ಲ. ಪೌರತ್ವದ ಕಾಗದಕ್ಕಾಗಿ ಕಾದವರೂ ಇದ್ದರು. 2019ರ ತಿದ್ದುಪಡಿ ಕಾಯ್ದೆಯಡಿ ಇಲ್ಲಿಯ ಕೆಲವರ ಕೈಗೆ ಅದು ಬಂದದ್ದು 2024ರಲ್ಲಿ. ಅಷ್ಟರಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗಿಯ ವಯಸ್ಸಿನವರು ತಾಯಂದಿರಾಗಿ, ತಮ್ಮ ಮಕ್ಕಳ ಜೊತೆ ಕನ್ನಡದಲ್ಲೇ ಜಗಳಾಡುತ್ತಿದ್ದರು.

ಇದೇ ಗರಜಿನ ಲೆಕ್ಕ ಪರದೇಶದಲ್ಲೂ ನಡೆಯುತ್ತದೆ. ನಮ್ಮ ಸಂಬಂಧಿಕರ ಹುಡುಗನೊಬ್ಬ ಕಂಪನಿ ಕೆಲಸದ ಮೇಲೆ ಹೆಂಡತಿ ಮಕ್ಕಳೊಂದಿಗೆ ಮೆಕ್ಸಿಕೊದ ಮಾಂಟೆರೇಯಲ್ಲಿದ್ದ. ಆಫೀಸಿನಲ್ಲಿ ಅವನಿಗೆ ಇಂಗ್ಲಿಷ್ ಸಾಕು. ಸ್ಪ್ಯಾನಿಷ್ ಕಲಿತವಳು ಹೆಂಡತಿ. ತರಕಾರಿಯವನು, ಮಗುವಿನ ಡಾಕ್ಟರು, ಪಕ್ಕದ ಮನೆಯವಳು ಎಲ್ಲರೂ ಅವಳ ಪಾಲಿಗೇ ಬಂದವರು. ಜೋಳದ ಹಿಟ್ಟು ಸಿಗದೆ ಅವಳು ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುವುದನ್ನು ವಿಡಿಯೊ ಕಾಲಿನಲ್ಲಿ ತೋರಿಸಿದಾಗ ನನಗೆ ಕ್ಯಾಂಪಿನ ಮುದುಕಿಯರ ಮಾತುಗಳೇ ನೆನಪಾದವು. ಮೆಕ್ಕೆಜೋಳವಾಗಲಿ, ನಮ್ಮ ಮೆಣಸಿನಕಾಯಿಯಾಗಲಿ ಮೂಲದಲ್ಲಿ ಆ ಕಡೆಯಿಂದಲೇ ಬಂದ ಒಕ್ಕಲು.

ಕಾಲುವೆ ಎಲ್ಲರನ್ನೂ ಒಂದೇ ಸಮನಾಗಿ ಸಾಕಲಿಲ್ಲ. ಮೇಲುಭಾಗದಲ್ಲಿ ಭತ್ತ ನೀರು ಕುಡಿದಷ್ಟೂ ಮಾನ್ವಿ, ರಾಯಚೂರಿನ ಕೊನೆಭಾಗಕ್ಕೆ ಬರಿ ಕಾಲುವೆ ಉಳಿಯಿತು. 133 ಟಿಎಂಸಿಯ ಜಲಾಶಯದಲ್ಲಿ ಹೂಳು ತುಂಬಿ ಈಗ 105ರ ಆಸುಪಾಸು. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟಿನ ಚೈನು ಕಡಿದಾಗ ಕ್ಯಾಂಪು, ಹಳ್ಳಿ ಎರಡೂ ಕಡೆ ಒಂದೇ ನಿದ್ದೆಗೇಡು. ಮಸ್ಕಿ ಕಡೆಯವರಿಗೆ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ಧರಣಿ ಕೂರಬೇಕಾಯಿತು. ನೀರಿಲ್ಲದವರು ಇವತ್ತಿಗೂ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಹೋದಲ್ಲಿ ಹಿಂದಿ, ಮರಾಠಿ ಕಲಿಯುತ್ತಾರೆ.

ಹಾಗೆ ಹೋದವರಿಂದ ಇಲ್ಲಿ ಆಳಿನ ಬರ. ಸಿಂಧನೂರು, ಕಾರಟಗಿಯ ರೈಸ್ ಮಿಲ್ಲುಗಳಲ್ಲಿ ಈಗ ಚೀಲ ಹೊರುವವರಲ್ಲಿ ಬಿಹಾರದ ಹುಡುಗರೂ ಇದ್ದಾರೆ. ಅವರು ಇನ್ನೂ ಕನ್ನಡವನ್ನೂ ಕಲಿತಿಲ್ಲ, ತೆಲುಗನ್ನೂ ಕಲಿತಿಲ್ಲ. ಅಜ್ಜ ಗುಂಟೂರಿನಿಂದ ಬಂದ ಮಿಲ್ ಮಾಲೀಕ, ನನ್ನ ಹಳೆಯ ವಿದ್ಯಾರ್ಥಿ, ಅವರ ಮುಂದೆ ತಡವರಿಸುತ್ತ ಹಿಂದಿ ಮಾತಾಡುತ್ತಾನೆ. ದೊಡ್ಡವ್ವನ ಕಾಲದಲ್ಲಿ ಕೂಲಿಯವಳು ಯಜಮಾನಿಯ ಭಾಷೆ ಕಲಿತಳು, ಈಗ ಯಜಮಾನನೇ ಕೂಲಿಯವರದ್ದು ಕಲಿಯುತ್ತಿದ್ದಾನೆ. ಆ ಹುಡುಗರು ಇನ್ನೂ ಒಬ್ಬೊಬ್ಬರೇ ಬಂದಿದ್ದಾರೆ, ಮಿಲ್ಲಿನ ಶೆಡ್ಡಿನಲ್ಲೇ ಮಲಗುತ್ತಾರೆ. ಹೆಂಡತಿ ಮಕ್ಕಳನ್ನು ಕರೆತಂದು, ಮಗುವಿನ ಕೈಹಿಡಿದು ಶಾಲೆಗೆ ಬಂದ ದಿನ ಅವರಿಗೂ ಕನ್ನಡದ ಗರಜು ಬೀಳುತ್ತದೆ.