ಉಗ್ರಾಣ ಎಲ್ಲಿ?

ಕಡಲ ದಂಡೆಯಲ್ಲಿ ಮ್ಯೂಸಿಯಂ ಕಟ್ಟುತ್ತೇವೆಂದು ಯಾರಾದರೂ ನಕ್ಷೆ ಬಿಡಿಸಿಟ್ಟರೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಹಳೆಯ ಕಾಗದಗಳನ್ನು ಕಾಯುವ ಕೆಲಸದಲ್ಲೇ ತಲೆ ನರೆತವನು ನಾನು. ಊರು ಉಳ್ಳಾಲ. ಮಳೆಗಾಲದಲ್ಲಿ ಮುಚ್ಚಿದ ಕಪಾಟಿನೊಳಗೂ ಕಾಗದಕ್ಕೆ ಬೂಷ್ಟು ಹಿಡಿಯುವುದನ್ನು ಕಂಡೇ ಬೆಳೆದಿದ್ದೇನೆ.

ಫ್ರಾನ್ಸಿನಲ್ಲಿ, ಇಟಲಿಯ ಗಡಿಗೆ ತಾಗಿಕೊಂಡಂತೆ ಮೆಂತೋನ್ ಎಂಬ ಊರಿದೆ. ಅಲ್ಲಿನ ಬಂದರಿನ ಅಂಚಿನಲ್ಲಿ 17ನೇ ಶತಮಾನದ ಪುಟ್ಟ ಕೋಟೆಯೊಂದು ಪಾಳುಬಿದ್ದಿತ್ತು. ಕವಿ, ಚಿತ್ರಕಾರ, ಸಿನಿಮಾ ನಿರ್ದೇಶಕ ಜಾನ್ ಕೊಕ್ತೊ 1950ರ ದಶಕದ ಕೊನೆಯಲ್ಲಿ ಆ ಊರಿನ ಪುರಭವನದ ಮದುವೆ ಕೋಣೆಗೆ ಭಿತ್ತಿಚಿತ್ರ ಬರೆದುಕೊಟ್ಟ. ಆ ಹೊತ್ತಿಗೇ ಕೋಟೆಯೂ ಅವನ ಕೈಗೆ ಬಂತು. ತನ್ನ ಚಿತ್ರಗಳ ಮನೆಯನ್ನು ತಾನೇ ರೂಪಿಸಿದ. ದಂಡೆಯ ಬಿಳಿ, ಬೂದು ನುಣುಪುಗಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿ, ನೆಲದಲ್ಲೇ ಹಲ್ಲಿಯಂಥ ಒಂದು ಸಲಮಾಂಡರ್ ಮೂಡಿಸಿದ. ಅಲೆಗಳೇ ಉಜ್ಜಿ ನಯಗೊಳಿಸಿದ ಕಲ್ಲು. ಉಪ್ಪುನೀರು ಅದಕ್ಕೆ ಹೊಸದಲ್ಲ. ಕಡಲ ಪಕ್ಕ ಕೆಲಸ ಮಾಡುವವರೆಲ್ಲ ಆ ನೆಲವನ್ನು ನೋಡಬೇಕು. ಕೊಕ್ತೊ 1963ರಲ್ಲಿ ತೀರಿಕೊಂಡ, ಮ್ಯೂಸಿಯಂ ತೆರೆದದ್ದು 1966ರಲ್ಲಿ.

ಮುಂದೆ ಸೆವೆರಿನ್ ವುಂಡರ್‌ಮನ್ ಎಂಬ ಕೈಗಡಿಯಾರದ ಉದ್ಯಮಿ ಕೊಕ್ತೊನನ್ನು ಕೇಂದ್ರವಾಗಿಟ್ಟು ಜೀವಮಾನವಿಡೀ ಕೂಡಿಟ್ಟ ಸಂಗ್ರಹವನ್ನು, ಸುಮಾರು 1,800 ಕೃತಿಗಳನ್ನು, 2005ರಲ್ಲಿ ಊರಿಗೇ ಕೊಟ್ಟುಬಿಟ್ಟ. ಅವುಗಳಿಗಾಗಿ ವಾಸ್ತುಶಿಲ್ಪಿ ರೂಡಿ ರಿಚೊಟ್ಟಿ ಹೊಸ ಕಟ್ಟಡ ವಿನ್ಯಾಸ ಮಾಡಿದರು: ತಗ್ಗಾದ ಚಾವಣಿ, ಅಂಕುಡೊಂಕಾದ ಬಿಳಿ ಕಾಂಕ್ರೀಟ್ ಕಂಬಗಳು, ನಡುವೆ ಗಾಜು. 2011ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಸುಂದರ ಕಟ್ಟಡ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಗ್ರಾಣ ಇದ್ದದ್ದು ನೆಲಮಾಳಿಗೆಯಲ್ಲಿ.

2018ರ ಅಕ್ಟೋಬರ್ 29ರಂದು ಬಿರುಗಾಳಿಗೆ ಉಕ್ಕಿದ ಕಡಲು ಒಳಗೆ ನುಗ್ಗಿತು. ಕೊಕ್ತೊನದು ಬಹುಪಾಲು ರೇಖಾಚಿತ್ರ, ಕಾಗದದ ಮೇಲಿನ ಕೆಲಸ. ಒದ್ದೆಯಾದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಶಾಯಿ ಹರಡುತ್ತದೆ. ಎರಡು ದಿನದೊಳಗೆ ಒಣಗಿಸದಿದ್ದರೆ, ಅದಾಗದಿದ್ದರೆ ಫ್ರೀಜರಿಗಾದರೂ ಹಾಕದಿದ್ದರೆ, ಬೂಷ್ಟು ಹತ್ತುತ್ತದೆ. ನೀರು ಆರಿದರೂ ಎಳೆಯೊಳಗೆ ಕೂತ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಹೀರಿಕೊಳ್ಳುತ್ತದೆ. ಮ್ಯೂಸಿಯಂ ವರ್ಷಗಟ್ಟಲೆ ಮುಚ್ಚಿಯೇ ಇತ್ತು. ಹಲವು ಕಲಾವಿದರ ಮ್ಯೂಸಿಯಂ ಆಗಿದ್ದರೆ ನಷ್ಟ ಹಂಚಿಹೋಗುತ್ತಿತ್ತು. ಇಲ್ಲಿ ಒಬ್ಬ ಮನುಷ್ಯನ ಇಡೀ ಬದುಕೇ ಒಂದು ಸೂರಿನಡಿ ಸೇರಿತ್ತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಮೆಂತೋನಿನ ಹೊಸ ಕಟ್ಟಡ ತೆರೆದ ಅದೇ 2011ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿಯ ಮ್ಯೂಸಿಯಂ ಹೊಸ ಕಟ್ಟಡಕ್ಕೆ ಬಂದಿತ್ತು. ಚಂಡಮಾರುತ ಬಂದೇ ಬರುತ್ತದೆಂದು ಲೆಕ್ಕ ಹಾಕಿ ವಾಸ್ತುಶಿಲ್ಪಿ ಯಾನ್ ವೇಮತ್ ಗೆರೆ ಎಳೆದರು. ಗೋಡೆ 18 ಇಂಚು ದಪ್ಪದ ಕಾಂಕ್ರೀಟ್. ಅದನ್ನು ಸೀಳಿಕೊಂಡು ಹೊರಬಂದ ಗಾಜಿನ ಉಬ್ಬಿಗೆ ಸಾವಿರಕ್ಕೂ ಮಿಕ್ಕಿ ತ್ರಿಕೋನ ಹಲಗೆಗಳು. ಅಂಗಡಿ, ಕೆಫೆ ಕೆಳಗೆ. ಡಾಲಿಯ ಚಿತ್ರಗಳು ಮೂರನೆಯ ಅಂತಸ್ತಿನಲ್ಲಿ, ಪ್ರವಾಹದ ನೀರು ಏರುವ ಮಟ್ಟಕ್ಕಿಂತ ಮೇಲೆ.