ಮಣ್ಣು ಸುರಿದ ಹಾದಿಗಳು: 2020ರ ದಿಗ್ಬಂಧನದಲ್ಲಿ ಕಾಸರಗೋಡಿನ ಬಾಳು

ಕಾಸರಗೋಡಿನ ಚರಿತ್ರೆಯನ್ನು ಬರೆಯ ಹೊರಟವರು 1956ನೆಯ ಇಸವಿ ನವಂಬರ್ 1ನೆಯ ತಾರೀಕಿಗೆ ಬಂದು ನಿಂತುಬಿಡುವುದು ವಾಡಿಕೆ. ಅಂದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ನಮ್ಮ ತಾಲೂಕನ್ನು ಬೇರ್ಪಡಿಸಿ ನೂತನ ಕೇರಳಕ್ಕೆ ಸೇರಿಸಿದುದೂ, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರತಕ್ಕದ್ದೆಂದು ಶಿಫಾರಸು ಮಾಡಿದುದೂ, ಅದು ಕಾಗದದಲ್ಲಿಯೇ ಉಳಿದುದೂ ಸರ್ವವಿದಿತ. ಆದರೆ ನಿತ್ಯದ ಬಾಳಿನಲ್ಲಿ ಈ ಗಡಿಯೆಂಬುದು ಎಷ್ಟರಮಟ್ಟಿಗೆ ಇದ್ದಿತು? ಕಚೇರಿಯ ಅರ್ಜಿಯಲ್ಲಿ, ಪಡಿತರ ಚೀಟಿಯಲ್ಲಿ, ಮಕ್ಕಳ ಪಠ್ಯಪುಸ್ತಕದಲ್ಲಿ ಇದ್ದಿತು. ಅಡಕೆ ಮಾರುವಲ್ಲಿ, ಹೆಣ್ಣು ಕೊಟ್ಟು ತರುವಲ್ಲಿ, ಬಯಲಾಟ ನೋಡುವಲ್ಲಿ, ಮುಖ್ಯವಾಗಿ ಕಾಯಿಲೆ ಬಿದ್ದಾಗ, ಇರಲಿಲ್ಲ. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಬಳಿಕವೂ ಕಾಸರಗೋಡಿನವರಿಗೆ ಪೇಟೆ ಎಂದರೆ ಮಂಗಳೂರೇ. ಅದು ಸುಮಾರು 50 ಕಿಲೋಮೀಟರಿನ ಹಾದಿ. ರಾಜಧಾನಿಯಾದ ತಿರುವನಂತಪುರ 500ಕ್ಕೂ ಮಿಕ್ಕಿ ದೂರ.

ಈ ಗಡಿ ಕಣ್ಣಿಗೆ ಕಾಣುವಂತೆಯೂ ಕಾಲಿಗೆ ತಡೆಯುವಂತೆಯೂ ಆದುದು 2020ರ ಮಾರ್ಚ್ ತಿಂಗಳಲ್ಲಿ. ಆ ಕೆಲವು ವಾರಗಳ ವೃತ್ತಾಂತವನ್ನು ನಮ್ಮ ಪ್ರದೇಶದ ಇತಿಹಾಸದಲ್ಲಿ ಒಂದು ಅಧ್ಯಾಯವಾಗಿ ಬರೆದಿಡಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಮಹಾಮಾರಿ ಬಂದಾಗ ಜನರ ಸಂಚಾರಕ್ಕೆ ಸರಕಾರ ಅಂಕೆ ಹಾಕುವುದು ಹೊಸ ಸಂಗತಿಯಲ್ಲ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಆಂಗ್ಲ ಸರಕಾರ ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. 2020ರಲ್ಲಿಯೂ ರಾಜ್ಯಗಳು ಮೊದಲು ಕೈಗೆತ್ತಿಕೊಂಡುದು ಈ 1897ರ ಕಾಯಿದೆಯನ್ನೇ. ಆದರೆ ಎರಡು ಕಾಲಕ್ಕೂ ಒಂದು ಭೇದವುಂಟು. ಪ್ಲೇಗಿನ ದಿನಗಳಲ್ಲಿ ಇಲಿ ಬಿದ್ದೊಡನೆ ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವುದು ರೂಢಿಯಾಗಿತ್ತು. ಸೊಲ್ಲಾಪುರದ ಕಡೆಯ ಹಿರಿಯರ ಮನೆಮಾತಿನಲ್ಲಿ ಆ ನೆನಪು ಬಹುಕಾಲ ಉಳಿದುಬಂದಿತು. 2020ರಲ್ಲಿ ಹೊರಟ ಆಜ್ಞೆ ಇದಕ್ಕೆ ವಿಪರೀತವಾದುದು: ಮನೆ ಬಿಟ್ಟು ಕದಲಬಾರದು.

ಭಾರತದ ಮೊದಲ ಮೂವರು ಕೋವಿಡ್ ರೋಗಿಗಳಲ್ಲಿ ಒಬ್ಬರು ನಮ್ಮ ಜಿಲ್ಲೆಯವರು. ವುಹಾನಿನಿಂದ ಮರಳಿದ ವಿದ್ಯಾರ್ಥಿಯಾಗಿದ್ದ ಅವರ ರೋಗ ಫೆಬ್ರವರಿ 3ರಂದು ಖಚಿತವಾಗಿ, ಕಾಞಂಗಾಡಿನಲ್ಲಿ ಚಿಕಿತ್ಸೆ ನಡೆದು ಗುಣವಾಯಿತು. ಮಾರ್ಚ್ ನಡುವಿನಲ್ಲಿ ಕೊಲ್ಲಿ ರಾಷ್ಟ್ರಗಳಿಂದ ಬಂದವರ ಮೂಲಕ ರೋಗ ಮರಳಿ ತಲೆಯೆತ್ತಿತು; ಕಾಸರಗೋಡಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಅಂಗಡಿಗಳು ಹಗಲು 11ರಿಂದ 5ರ ವರೆಗೆ ಮಾತ್ರ ಎಂಬ ಕಟ್ಟಳೆ ನಮ್ಮ ಜಿಲ್ಲೆಗೆ ಮೊದಲೇ ಬಂದುದು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ 21 ದಿನ ಬಾಗಿಲು ಹಾಕಿತು.

ಇಷ್ಟೇ ಆಗಿದ್ದರೆ ನಮ್ಮ ಪಾಡು ಎಲ್ಲರ ಪಾಡಿನಂತೆಯೇ ಇರುತ್ತಿತ್ತು. ಆದರೆ ಕರ್ನಾಟಕ ಸರಕಾರ ತನ್ನ ಗಡಿಯ ಹಾದಿಗಳನ್ನು ಮುಚ್ಚಿತು. ತಲಪಾಡಿಯಲ್ಲಿ ಹೆದ್ದಾರಿಗೆ ಪೋಲೀಸರ ಅಡ್ಡಗಟ್ಟೆ. ಒಳನಾಡಿನ ಅನೇಕ ರಸ್ತೆಗಳಲ್ಲಿ ಯಂತ್ರಗಳಿಂದ ಮಣ್ಣು ಸುರಿದು ಎದೆಯೆತ್ತರದ ದಿಣ್ಣೆಗಳನ್ನು ಮಾಡಿದರು. ದೇಲಂಪಾಡಿಯಂಥ ಪಂಚಾಯತಿನಲ್ಲಿ ಕರ್ನಾಟಕದ ನೆಲವನ್ನು ಹಾಯ್ದಲ್ಲದೆ ತಮ್ಮದೇ ಪಂಚಾಯತಿನ ಪೇಟೆಗೆ ಹೋಗಲಾರದ ಮನೆಗಳೂ ಉಂಟು. ಅವರಿಗೆ ಎರಡು ರಾಜ್ಯಗಳೂ ದೂರವಾದುವು.

ಇಲ್ಲಿ ಒಂದು ಮಾತನ್ನು ಹೇಳದೆ ಗತ್ಯಂತರವಿಲ್ಲ. ರೋಗದ ಭಯ ಆಚೆಯವರಿಗೂ ನಿಜವಾದುದೇ. ತಮ್ಮ ಆಸ್ಪತ್ರೆಗಳು ತುಂಬಿಹೋದಾವೆಂಬ ಅವರ ಆತಂಕವನ್ನು ಹುರುಳಿಲ್ಲದ್ದೆನ್ನಲಾಗದು. ಆದರೆ ಅರ್ಧ ಶತಮಾನಕ್ಕೂ ಮಿಕ್ಕಿ ನಾವು ಯಾವ ನಾಡನ್ನು ತಾಯ್ನಾಡೆಂದು ಕರೆದೆವೋ ಆ ನಾಡಿನ ಮಣ್ಣೇ ನಮ್ಮ ಹಾದಿಗೆ ಅಡ್ಡಬಿತ್ತು. ರಾಜ್ಯೋತ್ಸವದ ವೇದಿಕೆಯಲ್ಲಿ ಕೇಳುವ ಸೋದರಭಾವ ರಸ್ತೆಯ ತನಕ ಬರಲಿಲ್ಲ.

ಇದರ ಬೆಲೆಯನ್ನು ತೆತ್ತವರು ರೋಗಿಗಳು, ಅದರಲ್ಲಿಯೂ ಕೋವಿಡ್ ಅಲ್ಲದ ರೋಗಿಗಳು. ಹೃದ್ರೋಗ, ಮೂತ್ರಪಿಂಡದ ಕಾಯಿಲೆ, ಕಠಿಣ ಹೆರಿಗೆ—ಎಲ್ಲಕ್ಕೂ ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆಯ ಜನ ಹಿಂದುಮುಂದು ನೋಡದೆ ಮಂಗಳೂರಿನ ಬಸ್ಸು ಹತ್ತುತ್ತಿದ್ದವರು. ಎಣ್ಮಕಜೆಯ ಪಡ್ರೆಯಂಥ ಕಡೆ, ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನಿನಿಂದ ಬಳಲಿದ ಕುಟುಂಬಗಳಿಗೂ ಆಧಾರ ಅಲ್ಲಿನ ವೈದ್ಯರೇ. ಈಗ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಆಗಬೇಕಾದವರು 100 ಕಿಲೋಮೀಟರ್ ತೆಂಕಲಿಗೆ, ಪರಿಯಾರಕ್ಕೋ ಕಣ್ಣೂರಿಗೋ ಹೋಗಬೇಕಾಯಿತು. ತಲಪಾಡಿಯಿಂದ ಹಿಂದೆ ಕಳುಹಿಸಲ್ಪಟ್ಟ ಹೊರನಾಡಿನ ಕೂಲಿ ಹೆಂಗಸೊಬ್ಬರು ಆಂಬುಲೆನ್ಸಿನಲ್ಲಿಯೇ ಹೆತ್ತರು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ತೀರಿಕೊಂಡವರ ವಾರ್ತೆ ದಿನಬಿಟ್ಟು ದಿನ ಬರತೊಡಗಿ, ಎಪ್ರಿಲ್ ಮೊದಲ ವಾರ ಕಳೆಯುವಾಗ ಪತ್ರಿಕೆಗಳ ಲೆಕ್ಕ ಹತ್ತರ ಆಚೀಚೆಗೆ ಮುಟ್ಟಿತ್ತು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಟ್ಟು ನೋಡಬೇಕು. ಆ ಮೊದಲ ಅಲೆಯಲ್ಲಿ ಜಿಲ್ಲೆಯಲ್ಲಿ ಕೋವಿಡ್ ತಗಲಿದವರು 178 ಮಂದಿ. ಮೇ 10ರಂದು ಕೊನೆಯವರೂ ಗುಣಹೊಂದಿ ಮನೆಗೆ ಹೋದರು, ಒಬ್ಬರೂ ಸಾಯಲಿಲ್ಲ. ಅಂದರೆ, ರೋಗಕ್ಕೆ ಬಲಿಯಾಗದ ಜಿಲ್ಲೆ ರಸ್ತೆಗೆ ಬಲಿಕೊಟ್ಟಿತು.

ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ರಾಷ್ಟ್ರೀಯ ಹೆದ್ದಾರಿಯ ತಡೆಯನ್ನು ಕೇಂದ್ರ ಸರಕಾರ ತೆಗೆಸಬೇಕೆಂದು ಕೇರಳ ಹೈಕೋರ್ಟು ಎಪ್ರಿಲ್ 1ರಂದು ಆಜ್ಞಾಪಿಸಿತು. ಚಿಕಿತ್ಸೆಗೆ ಹೋಗಗೊಡದಿರುವುದು ಬದುಕುವ ಹಕ್ಕಿಗೇ ಭಂಗವೆಂಬುದು ಅದರ ತಿರುಳು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ರೋಗಿಗಳನ್ನು ಬಿಡುವ ಬಗ್ಗೆ ಇತ್ತಂಡಗಳೂ ಒಪ್ಪಿವೆಯೆಂಬ ಹೇಳಿಕೆಯ ಮೇಲೆ ಎಪ್ರಿಲ್ 7ರಂದು ಮೊಕದ್ದಮೆ ಮುಗಿಯಿತು. ವೈದ್ಯರ ಪತ್ರ ಹಿಡಿದ ತುರ್ತು ರೋಗಿಗಳಿಗೆ ಮಾತ್ರ ತಲಪಾಡಿಯಲ್ಲಿ ದಾರಿಯಾಯಿತು.

ಕೇರಳ ಸರಕಾರಕ್ಕೂ ಒಂದು ಮಾತು ಸಲ್ಲಬೇಕು. ಬದಿಯಡ್ಕದ ಬಳಿಯ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿದ್ದುದು 2013ರಲ್ಲಿ. ಆರು ವರ್ಷಗಳಲ್ಲಿ ಆಗದ ಆಸ್ಪತ್ರೆ, ಹಾದಿ ಮುಚ್ಚಿದ ಮೇಲೆ ಕೆಲವೇ ದಿನಗಳಲ್ಲಿ ಸಿದ್ಧವಾಗಿ, ತಿರುವನಂತಪುರದಿಂದ ವೈದ್ಯರು ಬಂದು, ಎಪ್ರಿಲ್ 6ರಂದು ಕೆಲಸ ಆರಂಭಿಸಿತು. ಮಂಗಳೂರಿನ ಸಾಮೀಪ್ಯವೇ ಇಷ್ಟು ಕಾಲ ನಮ್ಮ ಕೊರತೆಯನ್ನು ಮುಚ್ಚಿಟ್ಟಿತ್ತು.

ಇನ್ನು ಮನೆಯೊಳಗಿನ ಬಾಳು. ಪುಣ್ಯಕ್ಕೆ ಅದು ಗುಜ್ಜೆಯ ಕಾಲ. ಹಿತ್ತಲಿನಲ್ಲಿ ಒಂದು ಹಲಸಿನ ಮರವಿದ್ದ ಮನೆಯವರು ತರಕಾರಿಗೆ ಪೇಟೆಯ ಮುಖ ನೋಡಬೇಕಾಗಲಿಲ್ಲ. ಗುಜ್ಜೆಯ ಪಲ್ಯ, ಬಾಳೆದಿಂಡಿನ ಸಾಸಿವೆ, ತಿಮರೆ ತಂಬುಳಿ, ಬಾಳೆಯ ನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಯ ಹುಳಿ—ಹೀಗೆ, ಆಟಿ ತಿಂಗಳ ಮಳೆಗೆ ದಾಸ್ತಾನು ಮಾಡುವ ಹಳೆಯ ವಿದ್ಯೆ ಮರಳಿ ಬಳಕೆಗೆ ಬಂದಿತು. ಸೊಳೆಯನ್ನು ಉಪ್ಪಿನಲ್ಲಿಡುವುದನ್ನೂ ಹಪ್ಪಳ ತಟ್ಟುವುದನ್ನೂ ಮರೆತಿದ್ದ ಸೊಸೆಯಂದಿರು ಅತ್ತೆಯಂದಿರನ್ನು ಕೇಳಿ ಕಲಿತರು. ಬೇಸಗೆಯಲ್ಲಿ ಮನೆತುಂಬ ಜನವಿದ್ದುದರಿಂದ ಹಪ್ಪಳ ಒಣಗುವ ಮೊದಲೇ ಮುಗಿದುದೂ ಉಂಟು!

ಆದರೆ ಇದು ನೆಲವುಳ್ಳವರ ಕಥೆ. ಮಂಗಳೂರಿನ ಕಡೆಯಿಂದ ಎಲೆ-ಹೊಗೆಸೊಪ್ಪು ತರಿಸಿ ಬೀಡಿ ಕಟ್ಟುತ್ತಿದ್ದ ಹೆಂಗಸರಿಗೆ ಎಲೆಯೂ ಇಲ್ಲ, ಮಜೂರಿಯೂ ಇಲ್ಲ. ಕಡಪ್ಪುರದ ದೋಣಿಗಳು ಮೇಲೆಯೇ ಉಳಿದುವು. ಮೇಳಗಳು ಪತ್ತನಾಜೆಗೆ ಎರಡು ತಿಂಗಳಿರುವಾಗಲೇ ಗೆಜ್ಜೆ ಬಿಚ್ಚಿದುದರಿಂದ ಕಲಾವಿದರು ಬರಿಗೈಯಲ್ಲಿ ಮನೆಗೆ ಬಂದರು. ತೆಯ್ಯ-ಕೋಲ ಕಟ್ಟುವವರ ಗತಿಯೂ ಅದೇ. ಇವರನ್ನು ಕಾಪಾಡಿದುದು ಪಡಿತರದ ಅಂಗಡಿ. ಆದ್ಯತೆಯ ಪಟ್ಟಿಯಲ್ಲಿಲ್ಲದ ಮನೆಗಳಿಗೂ 15 ಕಿಲೋ ಅಕ್ಕಿ ಧರ್ಮಾರ್ಥವಾಗಿ ದೊರೆಯಿತು. ಬಳಿಕ 17 ಸಾಮಾನುಗಳ ಚೀಲವೂ ಬಂದಿತು. ಪಂಚಾಯತುಗಳಲ್ಲಿ ಕುಟುಂಬಶ್ರೀಯ ಮಹಿಳೆಯರು ಸಮುದಾಯ ಅಡುಗೆಮನೆ ನಡೆಸಿ, ಗತಿಯಿಲ್ಲದವರಿಗೆ ಊಟ ಕಟ್ಟಿ ಕಳುಹಿಸಿದರು. ದೂರದ ಊರುಗಳಿಂದ ಜೀವರಕ್ಷಕ ಔಷಧಿಗಳನ್ನು ಅಗ್ನಿಶಾಮಕ ದಳದವರು ಠಾಣೆಯಿಂದ ಠಾಣೆಗೆ ದಾಟಿಸಿ ಮುಟ್ಟಿಸಿದರು. ಎಪ್ರಿಲ್ 14, ಮೊದಲ 21 ದಿನದ ಕೊನೆಯ ದಿನ, ಅಂದೇ ವಿಷು. ಕಣಿಗೆ ಕೊನ್ನೆಹೂವೂ ಸೌತೆಯೂ ಇದ್ದುವು. ಕಾಲಿಗೆರಗಿ ಆಶೀರ್ವಾದ ಬೇಡಲು ಗಡಿಯಾಚೆಯ ತವರಿನಿಂದ ಯಾರೂ ಬರುವಂತಿರಲಿಲ್ಲ.

ಶಾಲೆಯ ವಿಷಯ ನಮ್ಮ ವೃತ್ತಿಬಾಂಧವರಿಗೆ ತಿಳಿದೇ ಇದೆ. ಜೂನ್ 1ರಿಂದ ವಿಕ್ಟರ್ಸ್ ವಾಹಿನಿಯಲ್ಲಿ ಪಾಠಗಳು ಪ್ರಾರಂಭವಾದುವು. ಅವು ಮುಖ್ಯವಾಗಿ ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಪಾಠಗಳನ್ನು ನಮ್ಮ ಅಧ್ಯಾಪಕರೇ ಸಿದ್ಧಪಡಿಸಿ, ಹೆಚ್ಚಾಗಿ ಅಂತರ್ಜಾಲದ ಮೂಲಕ ಮಕ್ಕಳಿಗೆ ಮುಟ್ಟಿಸಬೇಕಾಯಿತು. ದೂರದರ್ಶನ ಇದ್ದ ಮಲಯಾಳ ಮಾಧ್ಯಮದ ಮಗುವಿಗೆ ಪಾಠ ತಾನಾಗಿ ಬಂತು. ಕನ್ನಡದ ಮಗುವಿಗೆ ಫೋನೂ ಬೇಕು, ಗುಡ್ಡದ ಮರೆಯಲ್ಲಿ ಸಿಗದ ಸಿಗ್ನಲೂ ಬೇಕು. ಭಾಷಾ ಅಲ್ಪಸಂಖ್ಯಾತರಿಗೆ ಸೌಲಭ್ಯ ಇಲ್ಲವೆನ್ನುವಂತಿಲ್ಲ. ಅದು ಯಾವಾಗಲೂ ಒಂದು ಹೆಜ್ಜೆ ತಡವಾಗಿ, ನಮ್ಮದೇ ಕೈಯಿಂದ ಆಗಬೇಕು. ಆ ದಿನಗಳ ಪಾಠಟಿಪ್ಪಣಿಗಳು, ಹಾಜರಿ ಪಟ್ಟಿಗಳು, ಗಡಿಯಲ್ಲಿ ಕೊಟ್ಟ ಪಾಸುಗಳು ಈಗಲೂ ಹಲವರ ಪೆಟ್ಟಿಗೆಯಲ್ಲಿ ಇದ್ದಾವು. ಗೆದ್ದಲಿಗೆ ಆಹಾರವಾಗುವ ಮೊದಲು ಅವನ್ನು ಒಂದೆಡೆ ಸೇರಿಸತಕ್ಕದ್ದು.

ಮಣ್ಣಿನ ದಿಣ್ಣೆಗಳು ಮುಂದೆ ತೆರವಾದುವು. ದಿನವಹಿ ಪ್ರಯಾಣಿಕರಿಗೆ 2020ರ ಜೂನ್‌ನಲ್ಲಿ ಪಾಸು ಕೊಟ್ಟರು, ಜುಲೈಯಲ್ಲಿ ಹಿಂದೆಗೆದರು. ಆಗಸ್ಟಿನ ಕೊನೆಯಲ್ಲಿ, ಅಂತಾರಾಜ್ಯ ಸಂಚಾರಕ್ಕೆ ತಡೆ ಕೂಡದೆಂದು ಕೇಂದ್ರ ತಾಕೀತು ಮಾಡಿದ ಮೇಲೆ, ಹಾದಿ ಬಿಡುವಾಯಿತು. 2021ರ ಫೆಬ್ರವರಿಯಲ್ಲಿಯೂ ಮತ್ತೆ ಆಗಸ್ಟಿನಲ್ಲಿಯೂ ಕೇರಳದಿಂದ ಬರುವವರು 72 ಗಂಟೆಯೊಳಗಿನ ಪರೀಕ್ಷಾಪತ್ರ ತೋರಿಸಬೇಕೆಂದಾಯಿತು. ಮಂಗಳೂರಿನ ಕಾಲೇಜುಗಳಿಗೆ ಹೋಗುವ ನಮ್ಮ ಹುಡುಗ-ಹುಡುಗಿಯರು ಪುಸ್ತಕದ ಚೀಲದೊಳಗೆ ಆ ಚೀಟಿಯನ್ನೂ ಇಟ್ಟುಕೊಂಡು ತಲಪಾಡಿಯಲ್ಲಿ ಒಂದು ಬಸ್ಸಿನಿಂದ ಇಳಿದು, ಆಚೆಗೆ ನಡೆದು, ಇನ್ನೊಂದು ಬಸ್ಸು ಹತ್ತಿದರು.