ಮಾಜಾಳಿಯ ಗುಡ್ಡ ಮತ್ತು ಅಲ್ಲಿದ್ದ ದೇಶದ ಗಡಿ

ಕಾರವಾರದಿಂದ ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋಗುವಾಗ ಕರ್ನಾಟಕದ ಕೊನೆಯ ಊರು ಮಾಜಾಳಿ. ನಮ್ಮ ಬೈಕುಗಳೆಲ್ಲ ಚೆಕ್‌ಪೋಸ್ಟ್ ದಾಟಿ ಸೀದಾ ಓಡ್ತವೆ. ಇವತ್ತು ನಾವು ಎಡಕ್ಕೆ ತಿರುಗಿ ಬೀಚಿಗೆ ಇಳಿಯೋಣ.

ಬೀಚಿನ ಉತ್ತರ ತುದಿಯಲ್ಲಿ ಒಂದು ಗುಡ್ಡ. ದೊಡ್ಡದೇನಲ್ಲ. ಕಾಲುದಾರಿ ಹಿಡಿದು ಆ ಕಡೆ ಇಳಿದರೆ ತಿಳಮಾತಿ ತೀರ. ಮರಳು ಕಪ್ಪು, ಎಳ್ಳಿನ ಹಾಗೆ. ಕೊಂಕಣಿಯಲ್ಲಿ ತೀಳ್ ಅಂದ್ರೆ ಎಳ್ಳು, ಮಾತಿ ಅಂದ್ರೆ ಮಣ್ಣು. ಅಲ್ಲಿಂದ ಇನ್ನೊಂದು ಗುಡ್ಡ ದಾಟಿದ್ರೆ ಗೋವಾದ ಪೊಳೆಂ.

ಇಷ್ಟು ಚಿಕ್ಕ ನಡಿಗೆ. ಆದರೆ 1961ರವರೆಗೆ ಇದು ಎರಡು ದೇಶಗಳ ನಡುವಿನ ನಡಿಗೆ.

ಗೆರೆ ಬಿದ್ದದ್ದು ಹೇಗೆ? ಮೊದಲು ಗುಡ್ಡದ ಎರಡೂ ಬದಿ ಸೋದೆ ಅರಸರದ್ದೇ ಆಡಳಿತ. 1763ರಲ್ಲಿ ಹೈದರ್ ಅಲಿ ಸೋದೆಯನ್ನು ಗೆದ್ದ. ಅರಸರು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದರು. ಉತ್ತರದ ಕಾಣಕೋಣ ಪೋರ್ಚುಗೀಸರ ಪಾಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಕಡೆ ಬ್ರಿಟಿಷರು ಬಂದರು. ಎರಡೂ ಕಡೆ ಮಾತು ಮಾತ್ರ ಅದೇ ಕೊಂಕಣಿ.

1947ರಲ್ಲಿ ಮಾಜಾಳಿಗೆ ಸ್ವಾತಂತ್ರ್ಯ ಬಂತು, ಪೊಳೆಂಗೆ ಬರಲಿಲ್ಲ. 1955ರ ಆಗಸ್ಟ್ 15ರಂದು ಗೋವೆಯೊಳಗೆ ನಡೆದುಹೋದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಭಾರತ ಗಡಿ ಮುಚ್ಚಿತು. ಆಚೆ ಊರಿನ ನೆಂಟರು ಪರದೇಶದವರಾದರು.

1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆ ಶುರುವಾಯ್ತು. ದೊಡ್ಡ ಸೇನೆ ಹೋದದ್ದು ಉತ್ತರ, ಪೂರ್ವದಿಂದ. ಮಾಜಾಳಿಯಿಂದ ಹೊರಟದ್ದು ರಜಪೂತ ರೆಜಿಮೆಂಟಿನ 4ನೇ ಬೆಟಾಲಿಯನ್ನಿನ ಒಂದೇ ಕಂಪನಿ. ದಕ್ಷಿಣದಿಂದಲೂ ದಾಳಿ ಬರ್ತಿದೆ ಅಂತ ಶತ್ರುವನ್ನು ನಂಬಿಸೋದು ಅವರ ಕೆಲಸ. ದಾರಿಯಲ್ಲಿ ನೆಲಬಾಂಬು, ಮುರಿದ ಸೇತುವೆಗಳು. ಆದರೂ ಕಾಣಕೋಣ ದಾಟಿ ಮಡಗಾಂವ್ ಕಡೆ ಸಾಗಿದರು. ಡಿಸೆಂಬರ್ 19ರಂದು ಪೋರ್ಚುಗೀಸರು ಶರಣಾದರು.

ಈಗ ಗುಡ್ಡದಲ್ಲಿ ನಿಮ್ಮ ಕಾಗದಪತ್ರ ಕೇಳೋರಿಲ್ಲ. ಹೆಚ್ಚೆಂದರೆ ಮೊಬೈಲಿಗೆ 'ಗೋವಾಕ್ಕೆ ಸ್ವಾಗತ' ಅಂತ ಮೆಸೇಜ್ ಬರಬಹುದು. ಅದು ಬಂದ ಜಾಗದಲ್ಲಿ ಒಂದು ನಿಮಿಷ ನಿಲ್ಲಿ. ಆ ಒಂದು ಹೆಜ್ಜೆ ಇಡೋಕೆ ಹೋಗಿ ಗುಂಡು ತಿಂದವರಿದ್ದಾರೆ.

ಮಳೆಗಾಲದಲ್ಲಿ ಬಂಡೆ ಜಾರುತ್ತೆ, ಹೋಗಬೇಡಿ. ನೀರಿನ ಬಾಟಲಿ ತಗೊಂಡು ಹೋಗಿ, ಖಾಲಿಯಾದ ಮೇಲೂ ವಾಪಸ್ ತನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.